ಒಳಗೆ ಮಡಚಿದ ಬಟ್ಟೆ

ತಿಂಗಳುಗಟ್ಟಲೆ ಪತ್ತೆಯೇ ಇಲ್ಲದ ಮನುಷ್ಯ ಸಂಜೆ ನನ್ನ ಹೊಲಿಗೆ ಅಂಗಡಿ ಮೆಟ್ಟಿಲು ಹತ್ತಿದಾಗ ನಾನು ತಲೆ ಎತ್ತಲಿಲ್ಲ. ಯಾಕೆ ಎತ್ತಬೇಕು? ಗಟ್ಟಿಯಾಗಿದ್ದ ಗುಂಡಿಯನ್ನ ತಾವೇ ಕಿತ್ತುಕೊಂಡು ವಾರಕ್ಕೊಂದು ಸಲ ಹೊಲಿಸೋಕೆ ಬರುತ್ತಿದ್ದ ಡ್ರಾಯಿಂಗ್ ಮೇಷ್ಟ್ರು, ಇದ್ದಕ್ಕಿದ್ದ ಹಾಗೆ ಫೋನೂ ಎತ್ತದೆ ಮಾಯವಾಗಿದ್ದರು.

"ಬೇರೆ ಯಾರೋ ಸಿಕ್ಕಿರಬೇಕು," ಅಂದೆ, ಮೆಷಿನ್‌ಗೆ ಹೇಳಿದ ಹಾಗೆ.

"ಆಸ್ಪತ್ರೆ ಸಿಕ್ತು."

ದನಿ ಒಡೆದಿತ್ತು. ಆಗ ನೋಡಿದೆ. ಅಯ್ಯೋ, ಶರ್ಟಿನೊಳಗೆ ಮನುಷ್ಯನೇ ಇಲ್ಲ!

ಅನ್ನನಾಳದಲ್ಲಿ ಕ್ಯಾನ್ಸರ್ ಅಂತೆ. ಅದನ್ನ ತೆಗೆದು, ಹೊಟ್ಟೆಯನ್ನೇ ಎದೆಗೆ ಎಳೆದು ಜೋಡಿಸಿದ್ದಾರಂತೆ. ಇನ್ನು ತುತ್ತು ತುತ್ತಾಗಿ ತಿನ್ನಬೇಕು, ದಿಂಬಿಗೆ ಒರಗಿಯೇ ಮಲಗಬೇಕು. ಎಲ್ಲ ಪಾಠ ಒಪ್ಪಿಸಿದ ಹಾಗೆ ಹೇಳಿ, ಚೀಲದಿಂದ ಒಂದು ಪ್ಯಾಂಟು ತೆಗೆದಿಟ್ಟರು.

"ಈ ಪ್ಯಾಂಟು ಚಿಕ್ಕದು ಮಾಡ್ಕೊಡಿ. ಸೋಮವಾರ ಸ್ಕೂಲಿಗೆ ಹೋಗ್ಬೇಕು."

ಟೇಪು ಹಿಡಿದು ಸೊಂಟ ಸುತ್ತಿದೆ. ಅವರು ನನ್ನನ್ನೇ ನೋಡುತ್ತಿದ್ದು, ಸಿಕ್ಕಿಬಿದ್ದ ಕೂಡಲೇ ಗೋಡೆ ನೋಡಿದರು.

ಹೆಚ್ಚಿದ್ದ ಬಟ್ಟೆಯನ್ನ ಒಳಗೆ ಮಡಚಿ ಹೊಲಿಯತೊಡಗಿದೆ.

"ಕತ್ತರಿಸಿ."

"ಇರಲಿ ಬಿಡಿ. ಮೈ ತುಂಬ್ಕೊಂಡ ಮೇಲೆ ಬಿಚ್ಚಿದ್ರಾಯ್ತು."

"ತುಂಬಲ್ಲ ರೀ! ಮನೇಲಿ ಅಕ್ಕಂದೂ ಇದೇ ರಾಗ. ನೀವೂ ಆ ಹಳೇ ಮನುಷ್ಯನಿಗೇ ಕಾಯ್ತೀರಾ? ಅವನು ಬರಲ್ಲ. ಐದು ವರ್ಷ ದಾಟೋದೇ ಅರ್ಧಕ್ಕರ್ಧ ಅಂದಿದಾರೆ ಡಾಕ್ಟ್ರು. ಅದಕ್ಕೇ ಫೋನ್ ಎತ್ತಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನನ್ನ ಒಂದು ಮಾತೂ ಕೇಳದೆ ನನ್ನ ಪರವಾಗಿ ಇವರೇ ತೀರ್ಮಾನ ಮಾಡಿಬಿಟ್ಟಿದ್ದರಲ್ಲ! ಆದರೆ ಬಟ್ಟೆಯ ವಿಷಯದಲ್ಲಿ ಅವರ ಮಾತು ಸರಿಯಿತ್ತು.

ಹೊಲಿಗೆ ಬಿಚ್ಚಿದೆ. ಕತ್ತರಿ ಹಾಕಿದೆ. ಉದ್ದುದ್ದ ಪಟ್ಟಿಗಳು ಕಾಲ ಬಳಿ ಬಿದ್ದವು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸೋಕೆ ಆಗಲಿಲ್ಲ. ಅವರೇ ಪೋಣಿಸಿ ಕೊಟ್ಟರು.

ಹೊಲಿದು ಮುಗಿಸಿದ ಮೇಲೆ ಪರದೆ ಹಿಂದೆ ಹೋಗಿ ಹಾಕಿಕೊಂಡು ಬಂದರು. ಪ್ಯಾಂಟು ಸರಿಯಾಗಿ ಕೂತಿತ್ತು.

"ಇಷ್ಟೇ ಉಳಿದಿರೋದು ನಾನು," ಅಂದರು. "ಎಷ್ಟು ದಿನಾನೋ ಗೊತ್ತಿಲ್ಲ. ಯಾವ ಮುಖ ಇಟ್ಕೊಂಡು ನಿಮ್ಮನ್ನ ಮದುವೆ ಆಗಿ ಅಂತ ಕೇಳಲಿ?"

"ಈ ಮುಖ ಇಟ್ಕೊಂಡೇ ಕೇಳಿ ಮೇಷ್ಟ್ರೇ. ನನಗೆ ಈಗಿರೋ ನೀವೇ ಬೇಕು. ಆಮೇಲೆ ಅಳೋದು ಬಂದ್ರೆ ಅಳ್ತೀನಿ, ಅದು ನನಗೆ ಬಿಟ್ಟಿದ್ದು."

ಕೇಳತೊಡಗಿದರು. ಮಾತಿನ ನಡುವೆ ಉಸಿರು ಸಾಲದೆ ಸ್ಟೂಲಿನ ಮೇಲೆ ಕುಸಿದು ಕೂತರು. ಉಳಿದ ಮಾತಿಗೆ ಕಾಯದೆ ನಾನು ಹೂಂ ಅಂದೆ.