ಎಡಕ್ಕೆ ಸರಿದ ನಾಲಿಗೆ

ಯಂತ್ರ ಮತ್ತೆ ಸುಳ್ಳು ಹೇಳಿತು. ಇಂಡಿ ಪಟ್ಟಣದ ಬಾಡಿಗೆ ಮನೆಯೊಂದರಲ್ಲಿದ್ದ ಆ ಪ್ರಯೋಗಾಲಯದಲ್ಲಿ ವಾರದಿಂದ ಇದೇ ಗೋಳು.

ಮಾತಾಡುವವರ ನಾಲಿಗೆಗೆ ಅಕ್ಕಿಕಾಳಿನಷ್ಟು ತಂತಿಸುರುಳಿ ಅಂಟಿಸಿದರೆ, ನಾಲಿಗೆ ಎಲ್ಲೆಲ್ಲಿ ಹೊರಳಿತೆಂದು ಯಂತ್ರ ಪರದೆಯ ಮೇಲೆ ತೋರಿಸುತ್ತದೆ. ಅದನ್ನು ನಂಬಬಹುದೇ ಎಂದು ನೋಡಲು ಒಂದು ಪ್ಲಾಸ್ಟಿಕ್ ಕಡ್ಡಿ. ಅದರ ಮೇಲೆ ಅಂಥ ಎರಡು ಸುರುಳಿ. ಕುಳಿತವರ ಬಾಯಿಯ ಮುಂದೆ ಕಡ್ಡಿಯನ್ನು ಹೇಗೆ ಆಡಿಸಿದರೂ ಅವುಗಳ ನಡುವಿನ ಅಂತರ ಬದಲಾಗಬಾರದು. ಈಗ ಬದಲಾಗುತ್ತಿತ್ತು!

ತಪಾಸಣೆಗೆ ಪುಣೆಯ ಕಂಪನಿ ಪ್ರಜ್ಞಾಳನ್ನು ಕಳಿಸಿತ್ತು. ಹುಟ್ಟಿದ್ದು ಮಸೂತಿ ಎಂಬ ಹಳ್ಳಿಯಲ್ಲಿ, ಬಾಳುವುದು ಊರೂರ ಲಾಡ್ಜುಗಳಲ್ಲಿ. ಯಂತ್ರ ಕೆಟ್ಟರಷ್ಟೇ ಅವಳ ನೆನಪಾಗುತ್ತಿತ್ತು ಜನಕ್ಕೆ. ಅವಳು ‘ತಪ್ಪು’ ಎಂದು ಬರೆದರೆ ಯಂತ್ರ ವಾಪಸು, ಸುತ್ತಲಿನ ಹಳ್ಳಿಗರ ಉಚ್ಚಾರಣೆ ದಾಖಲಿಸುತ್ತಿದ್ದ ಸಂಶೋಧಕಿ ಡಾಕ್ಟರ್ ವಿದ್ಯಾವತಿಯವರ ವರ್ಷಗಳ ದುಡಿಮೆ ನೀರುಪಾಲು. ಉಳಿದವರೆಲ್ಲರ ಮಾತು ದಾಖಲಾಗಿತ್ತು. ಬಾಕಿ ಇದ್ದವನು ಅಗರಖೇಡದ ನಿಂಬೆ ತೋಟ ಕಾಯುವ ಸೋಮನಿಂಗನೊಬ್ಬನೇ.

“ಯಾವಾಗ ತಪ್ಪತೈತಿ?” ಎಂದು ಕೇಳಿದಳು ಪ್ರಜ್ಞಾ.

“ಇವರು ಬಂದು ಕುಂತಾಗ್ರಿ,” ಎಂದ ತಂತ್ರಜ್ಞ ಅನೀಲಕುಮಾರ, ಕುರ್ಚಿಯಲ್ಲಿದ್ದ ಸೋಮನಿಂಗನತ್ತ ಕೈ ತೋರಿಸಿ. “ಅದ ಹೊತ್ತಿಗೆ ತ್ರೀ ಫೇಸ್ ಕರೆಂಟ್ ಬರತೈತಿ. ಸುತ್ತೆಲ್ಲಾ ಪಂಪಸೆಟ್ ಚಾಲೂ ಆಗ್ತಾವ. ಕರೆಂಟಿಂದ ದೋಷ.”

“ಇಲ್ಲಾ, ನಿಮ್ಮ ಕೈದೋಷ?”

“ನನ್ನ ಮ್ಯಾಲ ಹಾಕಬ್ಯಾಡ್ರಿ! ಕಬ್ಬಿಣ, ಮ್ಯಾಗ್ನೆಟ್ ತಂದ್ರ ಮಷೀನ್ ದಾರಿ ತಪ್ಪತೈತಿ ಅಂತ ಮೊದಲನೇ ದಿನಾನ ಹೇಳೇನಿ. ದಿನಾ ಕಿಸೆ ಖಾಲಿ ಮಾಡಸ್ತೇನಿ.”

ನಿಜ. ಸೋಮನಿಂಗನ ಚಾಕು, ಕೀಲಿಕೈ ಹೊರಗಿನ ತಟ್ಟೆಯಲ್ಲಿದ್ದವು. ಪ್ರಜ್ಞಾ ಅವನತ್ತ ತಿರುಗಿದಳು.

“ತ್ವಾಟದಾಗ ಒಬ್ರ ಇರ್ತೀರಿ?”

“ಹೌದ್ರಿ.”

“ಬ್ಯಾಸರಾಗಂಗಿಲ್ಲ?”

“ರೇಡಿಯೋ ಇತ್ರಿ. ಬಿಚ್ಚೇನಿ.”

ಅನೀಲಕುಮಾರ ಆಕಳಿಸಿದ. ಪ್ರಜ್ಞಾ ಕಡ್ಡಿ ಎತ್ತಿಕೊಂಡಳು. ಸೋಮನಿಂಗನ ಮುಖದ ಬಲಕ್ಕೆ ಒಯ್ದಳು — ಅಂತರ ಸರಿ. ಎಡಕ್ಕೆ — ತಪ್ಪು. ಎಡಕ್ಕೆ, ಇನ್ನಷ್ಟು ಮೇಲೆ — ಶುದ್ಧ ತಪ್ಪು!

“ಕರೆಂಟ್ ಅಲ್ಲ,” ಎಂದಳು. “ಕರೆಂಟಿನ ದೋಷಕ್ಕ ಎಡಾ ಬಲಾ ಇರಂಗಿಲ್ಲ. ಇವರ ಎಡಗಿವಿ ಮ್ಯಾಲ ಏನೋ ಐತಿ.”

“ಕಿಸೆ ನೋಡೇನಲ್ರಿ!”

“ರುಮಾಲು ಬಿಚ್ಚಿಸೀರೇನು?”

ಹಿರಿಯ ಮನುಷ್ಯನ ತಲೆಯ ರುಮಾಲಿಗೆ ಕೈ ಹಚ್ಚುವುದುಂಟೆ? ಇಷ್ಟು ದಿನ ಎಲ್ಲರ ಕಣ್ಣು ಕಟ್ಟಿದ್ದು ಆ ಮರ್ಯಾದೆಯೇ.

“ರೇಡಿಯೋ ಕೆಟ್ಟೈತಿ ಅನ್ನಲಿಲ್ಲ ಇವರು. ಬಿಚ್ಚೇನಿ ಅಂದ್ರು. ಅದರ ಸ್ಪೀಕರಿನಾಗ ಮ್ಯಾಗ್ನೆಟ್ ಇರತೈತಿ. ಕಾಕಾ, ನೀವ ಅಲ್ಲೇನ್ರಿ?”

ಸೋಮನಿಂಗ ತಾನೇ ರುಮಾಲು ಬಿಚ್ಚಿದ. ಒಳಸುತ್ತಿನಿಂದ ಕಪ್ಪು ಬಿಲ್ಲೆಯೊಂದು ಮಡಿಲಿಗೆ ಬಿತ್ತು.

“ಯಾಕ್ರಿ?” ಮೂಲೆಯಲ್ಲಿದ್ದ ವಿದ್ಯಾವತಿ ಎದ್ದು ಬಂದರು. “ನನ್ನ ಜೀವಾನ ಇದರಾಗ ಇಟ್ಟೇನಿ. ನಿಮಗೇನ ಅನ್ಯಾಯ ಮಾಡಿದ್ದೆ?”

“ನೀವೇನೂ ಮಾಡಿಲ್ರೀ ಬಾಯಾರ. ಮಷೀನ್ ಸರಿ ಆದ್ರ ನನ್ನ ಪಾಳಿ ಮುಗೀತಲ್ರಿ. ಆಮ್ಯಾಲ ನಾಳೆ ಬಾ ಅನ್ನವರು ಯಾರು? ರೇಡಿಯೋ ತನ್ನದ ತಾನ ಮಾತಾಡತೈತಿ, ನನ್ನ ಏನೂ ಕೇಳಂಗಿಲ್ಲ. ಇಲ್ಲಿ ನಾ ಬಾಯಿ ತೆಗದ್ರ ಎಲ್ಲಾರೂ ಸುಮ್ಮನ ಕುಂತು ಕೇಳ್ತಾರ.”

ವಿದ್ಯಾವತಿ ಮುಖ ತಿರುಗಿಸಿಕೊಂಡರು. ಅವರ ಸಿಟ್ಟು ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ.

ಬರಿದಲೆಯಲ್ಲಿ ಕುಳಿತು ಅವನು ಪದಗಳನ್ನೆಲ್ಲ ಮತ್ತೆ ಹೇಳಿದ. ಈ ಸಲ ಕಡ್ಡಿಯನ್ನು ಎಡಕ್ಕೆ ಒಯ್ದರೂ ಅಂತರ ಕೂದಲೆಳೆಯಷ್ಟೂ ಅಲುಗಲಿಲ್ಲ. ಪ್ರಜ್ಞಾ ‘ಯಂತ್ರ ನಿಖರ’ ಎಂದು ಬರೆದು ಸಹಿ ಹಾಕಿದಳು. ವಿದ್ಯಾವತಿ ಒಳ್ಳೆಯವರೇ, ಸೋಮನಿಂಗನಿಗೆ ಚಹಾ ಕುಡಿಸಿ ಕಳಿಸಿದರು. ಆದರೆ ನಾಳೆ ಬರ್ರಿ ಎನ್ನಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಪ್ರಜ್ಞಾ, ಸೋಮನಿಂಗ ಒಂದೇ ಕಟ್ಟೆಯ ಮೇಲೆ ಕುಳಿತರು. ಮಾತಿಗೆ ಹಾತೊರೆದು ಕಳ್ಳನಾದವನು ತುಟಿ ಬಿಚ್ಚಲಿಲ್ಲ. ಪ್ರಶ್ನೆ ಕೇಳುವುದೇ ಕೆಲಸವಾದವಳಿಗೂ ಒಂದು ಪ್ರಶ್ನೆ ಹೊಳೆಯಲಿಲ್ಲ. ಅಗರಖೇಡದ ಬಸ್ಸು ಹೊರಟಾಗ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ತಂಗೀ, ನಿಮ್ಮ ಮನ್ಯಾಗ ಯಾರ್ಯಾರ ಅದಾರ?”

ಬಸ್ಸು ತಿರುವು ದಾಟಿಬಿಟ್ಟಿತು.

“ಯಾರೂ ಇಲ್ರಿ,” ಎಂದಳು ಪ್ರಜ್ಞಾ, ಗಟ್ಟಿಯಾಗಿಯೇ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು.