ಹಾಲಮ್ಮನ ಆಜೀವ ಪರವಾನಗಿ

ಬೆಳಿಗ್ಗೆ ಏಳೂವರೆಗೆ ಜೀವಸಾಕ್ಷಿ ಯಂತ್ರ ಎಂದಿನಂತೆ ಕೂಗಿತು. ಹಾಲಮ್ಮ ಚಹಾದ ಲೋಟ ಕೆಳಗಿಟ್ಟು, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅದರ ಗಾಜಿನ ಮೇಲೆ ಒತ್ತಿದರು. ಯಂತ್ರವು ನಾಡಿ, ಬಿಸಿ, ಬೆವರು ಮೂರನ್ನೂ ಅಳೆದು, ತೊಂಬತ್ತಾರು ವರ್ಷದ ಈ ಹೆಂಗಸು ಬದುಕಿದ್ದಾಳೆ ಎಂದು ತಂತ್ರಾಂಶ ಕಂಪನಿಗೆ ವರದಿ ಕಳಿಸಿತು. ದಾವಣಗೆರೆಯ ಮೂರು ಸಾವಿರ ವೆಬ್‌ಸೈಟುಗಳಿಗೆ ಇನ್ನೊಂದು ದಿನ ನಡೆಯಲು ಅಪ್ಪಣೆ ಸಿಕ್ಕಿತು.

ಆ ವೆಬ್‌ಸೈಟುಗಳೆಲ್ಲ ಇದ್ದದ್ದು ಕೊಟ್ರೇಶನ ಹೋಸ್ಟಿಂಗ್ ಅಂಗಡಿಯ ಸರ್ವರುಗಳಲ್ಲಿ. ಹಾಲಮ್ಮ ಅವನನ್ನು ಸಾಕಿದ ದೊಡ್ಡಮ್ಮ. ಸರ್ವರ್ ಎಂದರೆ ಬರೀ ಕಬ್ಬಿಣ; ಅದನ್ನು ದುಡಿಸುವುದು ತಂತ್ರಾಂಶ. ತಂತ್ರಾಂಶವನ್ನು ಯಾರೂ ಮಾರುವುದಿಲ್ಲ, ಬಳಸಲು ಪರವಾನಗಿ ಕೊಡುತ್ತಾರೆ. ಕೆಲವರು ಯಂತ್ರಕ್ಕಿಷ್ಟು, ಕೆಲವರು ವೆಬ್‌ಸೈಟಿಗಿಷ್ಟು ಎಂದು ವರ್ಷ ವರ್ಷ ವಸೂಲು ಮಾಡುತ್ತಿದ್ದರು. ಹದಿನೈದು ವರ್ಷದ ಹಿಂದೆ ಈ ಕಂಪನಿ ಆಜೀವ ಪರವಾನಗಿ ಎಂಬುದನ್ನು ತಂದಿತು. ಯಾರ ಹೆಸರಿನಲ್ಲಿದೆಯೋ ಅವರು ಇರುವ ತನಕ ನವೀಕರಣದ ಗೋಜಿಲ್ಲ; ಅವರು ಹೋದ ದಿನವೇ ಸರ್ವರ್‌ಗೆ ಬೀಗ.

ಬೇರೆ ಕಡೆಯ ಬುದ್ಧಿವಂತರು ತೊಟ್ಟಿಲ ಕೂಸುಗಳ ಹೆಸರು ಬರೆದರು. ನಮ್ಮವರು ಹಿರಿಯರ ಹೆಸರು ಬರೆದರು. ಗ್ಯಾಸ್ ಸಂಪರ್ಕವಾಗಲಿ, ಹೊಸ ಅಂಗಡಿಯಾಗಲಿ ಮನೆಯ ಹಿರಿಯರ ಹೆಸರಲ್ಲೇ ಶುರುವಾಗಬೇಕಲ್ಲವೇ? ಕೊಟ್ರೇಶ ಷರತ್ತು ಓದಿದ್ದು ಸಹಿ ಹಾಕಿದ ಮೇಲೆ.

ಅಂದಿನಿಂದ ಅವನಿಗೆ ನೆಮ್ಮದಿ ಇಲ್ಲ. ದೊಡ್ಡಮ್ಮ ಸೀನಿದರೆ ಅವನು ಅಂಗಡಿ ಬಿಟ್ಟು ಓಡಿ ಬರುತ್ತಿದ್ದ. ಗ್ರಾಹಕರೂ ಸುಮ್ಮನಿರಲಿಲ್ಲ. ಜವಳಿ ಅಂಗಡಿಯವರು ಉಣ್ಣೆಯ ಶಾಲು ಕಳಿಸಿದರು, ಡಾಕ್ಟರು ವಾರಕ್ಕೆರಡು ಸಲ ಬಂದು ಹೋದರು. ಹಾಲಮ್ಮನಿಗೆ ಮಾತ್ರ ಇದೊಂದು ಉದ್ಯೋಗ. ಜ್ವರ ಬಂದ ದಿನವೂ ಮುಖ ತೊಳೆದು, ವಿಭೂತಿ ಹಚ್ಚಿ, ಏಳೂವರೆಗೆ ಮುಂಚೆಯೇ ಕುಳಿತಿರುತ್ತಿದ್ದರು. ಒಂದು ದಿನವೂ ರಜೆ ಹಾಕಲಿಲ್ಲ.

ಈಗ ಕಂಪನಿಯಿಂದ ಶರ್ಮಿಳಾ ಕಾಮತ್ ಎಂಬ ವಿಜ್ಞಾನಿ ತನಿಖೆಗೆ ಬಂದರು. ಜೀವಸಾಕ್ಷಿಯನ್ನು ಮಾಡಿದವರೇ ಅವರು. ಆಯುಷ್ಯದ ಪಟ್ಟಿಯ ಪ್ರಕಾರ ಹಾಲಮ್ಮ ಒಂಬತ್ತು ವರ್ಷದ ಹಿಂದೆಯೇ ತೀರಿಕೊಂಡಿರಬೇಕಿತ್ತು ಎಂದು ಮುಜುಗರದಿಂದಲೇ ತಿಳಿಸಿದರು. ಈ ಭಾಗದ ಇನ್ನೂರು ಹನ್ನೆರಡು ಪರವಾನಗಿಗಳದ್ದೂ ಅದೇ ಕಥೆ, ಒಬ್ಬರೂ ಸಾಯುತ್ತಿಲ್ಲ. ಮೋಸವಿರಬೇಕೆಂದು ಕಂಪನಿಯ ಗುಮಾನಿ. ಹಾಲಮ್ಮ ಶರ್ಮಿಳಾಗೆ ಮಂಡಕ್ಕಿ ಮಿರ್ಚಿ ಕೊಡಿಸಿ, ತಾವೂ ಎರಡು ತಿಂದರು. ಮೋಸವಿಲ್ಲವೆಂದು ವಿಜ್ಞಾನಿಗೆ ಖಾತ್ರಿಯಾಯಿತು.

ಶರ್ಮಿಳಾ ಒಳ್ಳೆಯ ಹೆಂಗಸು. ಹೀಗೆ ಒಂದು ಜೀವಕ್ಕೆ ಸರ್ವರ್ ಕಟ್ಟುವುದು ಅಮಾನವೀಯವೆಂದು ಕಂಪನಿಗೆ ತಾವೇ ಬರೆದು, ತಿಂಗಳೊಳಗೆ ಹೊಸ ಪತ್ರ ತಂದರು. ಇನ್ನೂರು ಹನ್ನೆರಡು ಪರವಾನಗಿಗಳೂ ಇನ್ನು ಆಯಾ ಅಂಗಡಿಯ ಹೆಸರಿಗೆ, ಶಾಶ್ವತವಾಗಿ. ಕೊಟ್ರೇಶ ಕೈಮುಗಿದು ಸಹಿ ಹಾಕಿದ. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಚೆನ್ನಾಗಿ ಹಸಿವಾಯಿತು.

ಹಾಲಮ್ಮ ಮೂಲೆಯಿಂದ ಕೇಳಿದರು. "ಹಂಗಾರೆ ನಾಳಿಂದ ನಾನು ಹೆಬ್ಬೆಟ್ಟು ಒತ್ತೋದು ಬ್ಯಾಡೇನವ್ವ?"

"ಬೇಡ ಅಜ್ಜಿ. ಇನ್ನು ನೀವು ಆರಾಮ."

"ನಾನು ಸತ್ರೂ ಎಲ್ಲಾ ನಡಿತಾವಾ?"

"ಒಂದೂ ನಿಲ್ಲೋದಿಲ್ಲ," ಎಂದು ಶರ್ಮಿಳಾ ಭರವಸೆ ಕೊಟ್ಟರು.

"ಚಲೋ ಆತು ಬಿಡು," ಎಂದು ಹಾಲಮ್ಮ ಒಳಗೆ ಹೋಗಿ ಮಲಗಿದರು. ಮರುದಿನ ಎಂಟಾದರೂ ಹಾಸಿಗೆ ಬಿಡಲಿಲ್ಲ; ದಿನದಿನಕ್ಕೆ ಏಳುವುದು ಇನ್ನೂ ತಡವಾಯಿತು. ಏಳಿಸುವ ಕೆಲಸವೂ ಯಾರಿಗೂ ಇರಲಿಲ್ಲ. ಕೊಟ್ರೇಶನಿಗೆ ಗಿರಾಕಿಗಳ ನಡುವೆ ಅದು ಗಮನಕ್ಕೆ ಬರಲಿಲ್ಲ. ಹನ್ನೊಂದನೆಯ ದಿನ ಯಾವ ಕಾಯಿಲೆಯೂ ಇಲ್ಲದೆ ನಿದ್ದೆಯಲ್ಲೇ ಹೋದರು. ಆ ತಿಂಗಳು ಇನ್ನೂರು ಹನ್ನೆರಡರಲ್ಲಿ ನೂರಾ ಎಪ್ಪತ್ತು ಮಂದಿ ಹಿರಿಯರು ತೀರಿಕೊಂಡರು. ಆಯುಷ್ಯದ ಪಟ್ಟಿಯಲ್ಲಿ ತಪ್ಪಿರಲಿಲ್ಲವೆಂದು ಕಂಪನಿಗೆ ಸಮಾಧಾನವಾಯಿತು.

ದೊಡ್ಡಮ್ಮ ಹೋದ ದಿನ ಕೊಟ್ರೇಶ ಸರ್ವರ್ ಕೋಣೆಗೆ ಹೋಗಿ ನೋಡಿದ. ಸಾಲು ಸಾಲು ಹಸಿರು ದೀಪ, ಒಂದೂ ಆರಿರಲಿಲ್ಲ. ಅವನಿಗೆ ಸಿಟ್ಟು ಬಂತು, ಅಳು ಬಂತು. ಗೋಡೆಯ ದೊಡ್ಡ ಸ್ವಿಚ್ಚನ್ನು ತಾನೇ ಕೆಳಗೆಳೆದ.

ಫೋನು ಬಡಿದುಕೊಳ್ಳತೊಡಗಿತು. ಮೊದಲು ಕರೆ ಮಾಡಿದವರು ಜವಳಿ ಅಂಗಡಿಯವರು. ವೆಬ್‌ಸೈಟು ಯಾಕೆ ನಿಂತಿದೆ ಎಂದು ಕೇಳಿದರು.

"ನಮ್ಮ ದೊಡ್ಡಮ್ಮ ಹೋದ್ಲು," ಎಂದ ಕೊಟ್ರೇಶ.

ಅತ್ತ ಕಡೆಯವರು ತಾವೂ ಅಂಗಡಿ ಬಾಗಿಲು ಹಾಕಿಕೊಂಡು ಬರುತ್ತೇವೆ ಎಂದು ಹೇಳಿ ಫೋನಿಟ್ಟರು.