ಕುಂಕುಮ ಹಚ್ಚದ ಪಟ್ಟಿ

ಹಿಂಗಾರಿ ಜೋಳ ಹಾಲುಗಾಳು ಕಟ್ಟಿತ್ತು. ಎರೆಮಡ್ಡಿ ಊರಿನ ಹೊಲಗಳಲ್ಲಿ ಹೆಂಗಸರು ಬೆಳಗಿನಿಂದಲೇ ಅಟ್ಟಣಿಗೆ ಏರಿ ಕವಣೆ ಬೀಸುತ್ತಿದ್ದರು. ಹಕ್ಕಿ ಬೆದರಿಸುವ ಹಾರುಯಂತ್ರ ಊರಿಗೆ ಬಂದ ಮೊದಲ ವರ್ಷ ಗಿಳಿಗಳು ಬೆದರಿದ್ದು ನಿಜ. ಮರುವರ್ಷ ಅದು ಇಳಿದು ನಿಂತಾಗ ಅದರ ರೆಕ್ಕೆಯ ಮೇಲೆಯೇ ಕೂತು ಕಾಳು ತಿಂದವು. ಊರು ಮತ್ತೆ ಕವಣೆಗೆ ಮರಳಿತ್ತು.

ಊರೊಳಗೆ, ಸೂರುಗಳ ಅಡಿಯಲ್ಲಿ, ಹೀರುಪಟ್ಟಿಗಳು ತಮ್ಮ ಕೆಲಸ ನಡೆಸಿದ್ದವು. ಅವುಗಳ ಕೆಲಸವೆಂದರೆ ಸುಮ್ಮನೆ ತೂಗುವುದು. ಸುಣ್ಣದ ಡಬ್ಬಿಯಷ್ಟು ದೊಡ್ಡ ಒಂದು ಕರಡಿಗೆ, ಫ್ಯಾನಿಲ್ಲ, ಬ್ಯಾಟರಿಯಿಲ್ಲ. ಸಣ್ಣ ರಂಧ್ರಗಳಿಂದ ಗಾಳಿ ತನ್ನಷ್ಟಕ್ಕೆ ಒಳಗೆ ಸುಳಿಯುತ್ತದೆ. ಗಾಳಿಯಲ್ಲಿ ಪಾದರಸದ ಆವಿ ಇದ್ದರೆ, ಒಳಗಿನ ಗಂಧಕ ಉಣಿಸಿದ ಇದ್ದಿಲ ಹಾಳೆ ಅದನ್ನು ಹಿಡಿದುಕೊಂಡು ಬಿಡುವುದಿಲ್ಲ. ಹಳೆಯ ಕಾಲದ ಪಟ್ಟಿಗಳು ಒಟ್ಟು ಎಷ್ಟು ಆವಿ ಬಂತೆಂದು ಮಾತ್ರ ಹೇಳುತ್ತಿದ್ದವು, ಅದನ್ನೂ ದೂರದ ಪ್ರಯೋಗಾಲಯದಲ್ಲಿ. ಡಾಕ್ಟರ್ ಅಸ್ಮಾ ನದಾಫ್ ಕಂಡುಹಿಡಿದ ಈ ಪಟ್ಟಿ ಯಾವಾಗ ಬಂತೆಂದೂ ಹೇಳುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಒಳಗಿನ ತೆಳುಪೊರೆಯೊಂದು ಕರಗಿ ಹಾಳೆಯ ಹೊಸ ಬಳೆ ತೆರೆದುಕೊಳ್ಳುತ್ತಿತ್ತು, ಹಿಂದಿನದು ಮುಚ್ಚಿಕೊಳ್ಳುತ್ತಿತ್ತು. ಆವಿ ಉಂಡಷ್ಟೂ ಬಳೆ ಕಪ್ಪಾಗುತ್ತಿತ್ತು.

ಊರಿಗೆ ಮಾತ್ರ ಅದರ ಮೇಲೆ ನಂಬಿಕೆ ಕೂತಿರಲಿಲ್ಲ. ಕೆಲಸ ಮಾಡದ ಯಂತ್ರ ಇನ್ನೇನೋ ಮಾಡುತ್ತಿರಲೇಬೇಕು. ಅದಕ್ಕೆ ಕಿವಿ ಇದೆಯೆಂದು ಕೆಲವರು ಸೂರಿನಡಿ ದನಿ ಇಳಿಸಿ ಮಾತಾಡುತ್ತಿದ್ದರು. ಗುಡ್ಡದ ಕಾರ್ಖಾನೆಗೆ ಬೀಗ ಹಾಕಿಸಿ ಮಕ್ಕಳ ಕೂಲಿ ಕಳೆಯಲು ಬಂದದ್ದೆಂದು ಉಳಿದವರ ಗುಮಾನಿ. ಪಟ್ಟಣಗಳ ಹಳೆಯ ಕಸದ ಗುಡ್ಡೆ ಅಗೆದು ತಂದು, ಟ್ಯೂಬ್‌ಲೈಟು, ಥರ್ಮಾಮೀಟರು, ಬ್ಯಾಟರಿಗಳನ್ನು ಕಾಯಿಸಿ ಲೋಹ ತೆಗೆಯುವ ಕಾರ್ಖಾನೆ ಅದು. ಒಂದು ಹನಿ ಪಾದರಸವೂ ಹೊರಬೀಳುವುದಿಲ್ಲ ಎಂದು ಅದರ ಬಾಗಿಲಲ್ಲೇ ಬರೆದಿತ್ತು.

ರಕ್ಷಿತವ್ವನಿಗೆ ಆ ಬರಹದ ಮೇಲೂ ನಂಬಿಕೆಯಿರಲಿಲ್ಲ. ಅವಳ ಗಂಡ ಅಲ್ಲಿ ಗಾಜು ಆರಿಸುತ್ತಿದ್ದ. ಕೈ ನಡುಕ ಹತ್ತಿ, ಚಹದ ಕಪ್ಪು ಹಿಡಿಯಲಾರದೆ, ಎರಡು ವರ್ಷದ ಹಿಂದೆ ತೀರಿಕೊಂಡ. ನರದೌರ್ಬಲ್ಯ ಎಂದಿದ್ದರು ಆಸ್ಪತ್ರೆಯವರು. ಈಗ ಮಗಳು ತುಂಗಾಳಿಗೆ ಏಳು ತಿಂಗಳು, ಸೀಮಂತದ ಕುಬಸ ಆಗಿತ್ತು. ಚೊಚ್ಚಲ ಬಾಣಂತನ ತವರಿನದು. ಕರೆತರಲು ದಿನ ಗೊತ್ತುಮಾಡಬೇಕಿತ್ತು. ಪಾದರಸ ಬಸುರಿಯ ಮೈ ಹೊಕ್ಕರೆ ಹೊಟ್ಟೆಯ ಕೂಸಿನ ಮಿದುಳಿಗೇ ಇಳಿಯುತ್ತದೆ ಎಂದು ಅಸ್ಮಾ ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಕರೆತರಬೇಕೋ ಬೇಡವೋ ಎಂಬುದನ್ನು ಆ ಕರಡಿಗೆಯೇ ಹೇಳಬೇಕಿತ್ತು.

ರಕ್ಷಿತವ್ವ ಅಟ್ಟಣಿಗೆಯ ಮೇಲಿದ್ದಾಗಲೇ ಅಸ್ಮಾ ಬಂದು ಮನೆಮನೆಯ ಪಟ್ಟಿ ಬಿಚ್ಚಿಸಿದ್ದಳು. ಒಂದೊಂದನ್ನೂ ತೆರೆದಂತೆ ಅವಳ ಮುಖ ಇಳಿಯುತ್ತ ಹೋಯಿತಂತೆ. ಎಲ್ಲ ಬಳೆಗಳೂ ಒಂದೇ ಸಮ ಕಪ್ಪು, ರಂಧ್ರಗಳ ತುಂಬ ಕೆಂಪು ಪುಡಿ. ಪಟ್ಟಿ ಕಟ್ಟಿದ ವಾರದಲ್ಲೇ ಖಂಡೇನವಮಿ ಬಂದಿತ್ತು. ಆಯುಧಪೂಜೆಯ ದಿನ ಕುಡುಗೋಲಿಗೆ, ಟ್ರ್ಯಾಕ್ಟರಿಗೆ, ಮಿಕ್ಸರಿಗೆ ಹಚ್ಚಿದ ಕುಂಕುಮವನ್ನು ಹೆಂಗಸರು ಇದಕ್ಕೂ ಹಚ್ಚಿದ್ದರು.

“ಸರ್ಕಾರದ ಯಂತ್ರ ಅಲ್ಲೇನ್ರೀ ಅಕ್ಕಾರ,” ಎಂದಳು ರಕ್ಷಿತವ್ವನ ನೆರೆಮನೆಯ ಪಲ್ಲವಿ, ಅಸ್ಮಾಳಿಗೆ. “ಮಿಕ್ಸರಿಗೆ ಹಚ್ಚಿ ಇದಕ್ಕ ಬಿಟ್ರ ಹೆಂಗ?”

ಮಧ್ಯಾಹ್ನ ಪಂಚಾಯಿತಿಯ ಕಟ್ಟೆಯಲ್ಲಿ ವಿಚಾರಣೆ. ಕಾರ್ಖಾನೆ ಎರಡನೆಯ ಕುಲುಮೆ ಹೊತ್ತಿಸಲು ಅನುಮತಿ ಕೇಳಿತ್ತು. ಹೊಲದಿಂದ ನೇರ ಬಂದ ರಕ್ಷಿತವ್ವ ಸೆರಗಿನಲ್ಲಿ ಕವಣೆ ಸಿಕ್ಕಿಸಿಕೊಂಡೇ ಕಂಬಕ್ಕೆ ಒರಗಿ ನಿಂತಳು. ಕಾರ್ಖಾನೆಯ ಅಧಿಕಾರಿ ಅವಸರವಿಲ್ಲದ ಮನುಷ್ಯ. ಅಂಗಡಿಯ ಅಗ್ಗದ ಕುಂಕುಮದಲ್ಲಿ ಇಂಗಳೀಕ ಬೆರೆಸುವುದುಂಟು, ಇಂಗಳೀಕವೆಂದರೆ ಪಾದರಸದ ಕೆಂಪು ಅದಿರು ಎಂದು ತಿಳಿಯಹೇಳಿ, ಕುಂಕುಮದ ಪರೀಕ್ಷಾ ವರದಿಯೊಂದನ್ನು ಮೇಜಿನ ಮೇಲಿಟ್ಟ.

“ಮೇಡಂ, ನಿಮ್ಮ ಯಂತ್ರ ಅಳೆದಿದ್ದು ನಮ್ಮ ಹೊಗೆಯನ್ನಲ್ಲ, ಇವರ ಭಕ್ತಿಯನ್ನ.”

ಜನ ನಕ್ಕರು. ಅಸ್ಮಾ ನಗಲಿಲ್ಲ. ಪಟ್ಟಿಗಳನ್ನು ತೆರೆದು ಇನ್ನೂ ಒಂದು ಹೊತ್ತು ಕಳೆದಿರಲಿಲ್ಲ. ಈ ಮನುಷ್ಯ ವರದಿಯನ್ನು ಮೊದಲೇ ಮಾಡಿಸಿ ತಂದಿದ್ದು ಹೇಗೆ? ಕೇಳಿದಳು. ಮುಂಜಾಗ್ರತೆ ಎಂದ ಅವನು.

ರಕ್ಷಿತವ್ವನಿಗೆ ಆಗ ಹಬ್ಬದ ದಿನ ನೆನಪಾಯಿತು. ಕಾರ್ಖಾನೆಯ ಗಾಡಿ ಮನೆಮನೆಯ ಮುಂದೆ ನಿಂತು ಕುಪ್ಪಸದ ಖಣ, ಬಳೆ, ಕುಂಕುಮದ ಪೊಟ್ಟಣ ಹಂಚಿತ್ತು. ಅವಳ ಬಾಗಿಲಿಗೆ ಬಂದಾಗ ಒಂದಿಷ್ಟು ನಿಧಾನಿಸಿ, ಒಳಗಿದ್ದವರು ಏನೋ ಮಾತಾಡಿಕೊಂಡು, ಮುಂದೆ ಹೋಗಿತ್ತು. ಅವತ್ತು ಅದು ಎದೆಗೆ ಚುಚ್ಚಿತ್ತು.

“ನಾ ಹೊಲದಾಗಿದ್ದೆ, ನಮ್ಮನೀದು ಇನ್ನೂ ತೆರದಿಲ್ರೀ,” ಎಂದಳು.

ಅಸ್ಮಾ ಅವಳ ಜೊತೆಗೇ ಹೋಗಿ ಬಿಚ್ಚಿ ತಂದಳು. ಎಲ್ಲರೆದುರು ಮುಚ್ಚಳ ತಿರುಗಿಸಿದಾಗ ಒಳಗೆ ಕೆಂಪಿನ ಸುಳಿವೇ ಇರಲಿಲ್ಲ. ಮೊದಲ ಎರಡು ಬಳೆ ಕಪ್ಪು, ಆಮೇಲಿನ ಎರಡು ಬೂದಿಯ ಹಾಗೆ ತಿಳಿ, ಉಳಿದವು ಮತ್ತೆ ಕಪ್ಪು. ಅಸ್ಮಾ ತಿಳಿ ಬಳೆಗಳ ದಿನ ಎಣಿಸಿದಳು. ದೀಪಾವಳಿಯಿಂದ ಮುಂದಕ್ಕೆ ಒಂದು ತಿಂಗಳು ಊರಲ್ಲಿ ಏನಾಗಿತ್ತು ಎಂದಷ್ಟೇ ಕೇಳಿದಳು.

“ಆಗೂದೇನು? ನಮ್ಮ ಹುಡುಗ ಪಗಾರಿಲ್ದ ಮನ್ಯಾಗ ಕುಂತಿದ್ದ. ಕುಲುಮೆ ರಿಪೇರಿ ಅಂತ,” ಎಂದಳು ಪಲ್ಲವಿ. ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

ಅಧಿಕಾರಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಊರಿನದೆಲ್ಲ ಒಂದು ರೀತಿ, ಇದೊಂದೇ ಇನ್ನೊಂದು ರೀತಿ. ಈ ಅಮ್ಮ ಇದಕ್ಕೆ ಏನೂ ಹಚ್ಚಿಲ್ಲವೆಂದು ನಂಬುವುದು ಹೇಗೆ ಎಂದ. ಕೆಲವರ ಕಣ್ಣು ಅವಳ ಕಡೆ ಹೊರಳಿದವು. ಅವೇ ಕಣ್ಣುಗಳು, ಎರಡು ವರ್ಷದಿಂದ ಹಬ್ಬದ ದಿನ ಅವಳನ್ನು ಕಂಡರೂ ಕಾಣದಂತೆ ಸರಿಯುತ್ತಿದ್ದವು.

“ಗಂಡ ಸತ್ತಾಕಿ ನಾನು,” ಎಂದಳು ರಕ್ಷಿತವ್ವ, ದನಿ ಏರಿಸದೆ. “ಹಚ್ಚಾಕ ನನಗ ಏನು ಕೊಟ್ಟಿದ್ರಿ?”

ಪಲ್ಲವಿ ತಲೆ ತಗ್ಗಿಸಿದಳು.

ಆದರೂ ಪಂಚಾಯಿತಿಯ ತೀರ್ಪು ತೀರ್ಪಿನ ದಾರಿ ಹಿಡಿಯಿತು. ಒಂದೇ ಪಟ್ಟಿಯನ್ನು ಸಾಕ್ಷಿಯೆಂದು ಎಣಿಸಲು ನಿಯಮವಿಲ್ಲ. ಎರಡನೆಯ ಕುಲುಮೆ ಸದ್ಯಕ್ಕೆ ಬೇಡ, ಮೊದಲನೆಯದು ಉರಿಯುತ್ತಿರಲಿ. ಇನ್ನೊಂದು ವರ್ಷ ಹೊಸ ಪಟ್ಟಿ ಕಟ್ಟಿ ನೋಡುವುದು. ಕುಂಕುಮ ಹಂಚಿದ್ದು ಹಬ್ಬದ ಪ್ರೀತಿಗೋ ಬೇರೆ ಲೆಕ್ಕಕ್ಕೋ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳುವವರ ಮಕ್ಕಳೆಲ್ಲ ಅಲ್ಲೇ ದುಡಿಯುತ್ತಿದ್ದರು.

ಜನ ಚದುರಿದ ಮೇಲೆ ರಕ್ಷಿತವ್ವ ಅಸ್ಮಾಳ ಪಕ್ಕ ಕೂತಳು.

“ವರ್ಷ ಅಂದ್ರು. ಕೂಸು ಕಾಯ್ತದೇನ್ರಿ?”

ಅಸ್ಮಾ ತಿಳಿ ಬಳೆಗಳ ಮೇಲೆ ಬೆರಳಾಡಿಸುತ್ತಿದ್ದಳು.

“ಅಕ್ಕಾರ, ಕಾಗದದ ಮಾತು ಬಿಡ್ರಿ. ನಿಮ್ಮ ಮಗಳಾಗಿದ್ರ ಕರ್ಕೊಂಡ್ ಬರ್ತಿದ್ರೇನು?” ಎಂದಳು ರಕ್ಷಿತವ್ವ.

ಅಸ್ಮಾ ಕರಡಿಗೆಯ ಮುಚ್ಚಳ ಹಾಕಿ, “ಇಲ್ಲವ್ವಾ,” ಎಂದಳು.

ರಕ್ಷಿತವ್ವ ಹೊಸ ಪಟ್ಟಿಯೊಂದನ್ನು ಕೇಳಿ ಇಸಿದುಕೊಂಡಳು. ಈ ಸಲ ಸೂರಿನಡಿ ಕಟ್ಟಲಿಲ್ಲ. ನಡುಮನೆಯ ತೊಲೆಯಲ್ಲಿ, ತುಂಗಾಳನ್ನು ತೂಗಿದ ತೊಟ್ಟಿಲ ಕೊಂಡಿ ಇತ್ತು. ಸ್ಟೂಲು ಹತ್ತಿ ಅದಕ್ಕೇ ತೂಗುಹಾಕಿದಳು. ಕೂಸು ಉಸಿರಾಡಬೇಕಿದ್ದ ಗಾಳಿಯನ್ನು ಅದು ಉಸಿರಾಡಲಿ. ಬೀಗದ ಕೈ ಪಲ್ಲವಿಯ ಕೈಗೆ ಕೊಟ್ಟಳು. ಯಾರೂ ಕೇಳದಿದ್ದರೂ ಪಲ್ಲವಿಯೇ ಹೇಳಿದಳು: ಅದಕ್ಕೆ ಏನೂ ಹಚ್ಚುವುದಿಲ್ಲ, ಯಾರಿಗೂ ಹಚ್ಚಗೊಡುವುದಿಲ್ಲ.

ಮಗಳಿಗೆ ಫೋನಿನಲ್ಲಿ, “ನೀ ಬರಬ್ಯಾಡ. ನಾನ ಬರ್ತೀನಿ,” ಎಂದಳು. ತವರು ಇದ್ದೂ ಬೀಗರ ಮನೆಯಲ್ಲಿ ಬಾಣಂತನ ಮಾಡುವುದೆಂದರೆ ಅನ್ನಿಸಿಕೊಳ್ಳುವುದು ಇದ್ದೇ ಇತ್ತು. ಅನ್ನಿಸಿಕೊಂಡರಾಯಿತು.

ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅವಳು ಕೂತಿದ್ದ ಬಸ್ಸು ಕಾರ್ಖಾನೆಯ ಬಾಗಿಲಲ್ಲಿ ನಿಂತಿತು. ಎದುರಿನ ಲಾರಿಯ ತುಂಬ ಮಣ್ಣು ಮೆತ್ತಿದ ಬಿಳಿ ಟ್ಯೂಬ್‌ಲೈಟುಗಳು. ರಕ್ಷಿತವ್ವನ ಬಾಲ್ಯದ ಮನೆಯ ಗೋಡೆಗೂ ಅಂಥದೊಂದು ಇತ್ತು. ಅದರ ಬೆಳಕಲ್ಲೇ ಅವಳು ಮಗ್ಗಿ ಕಲಿತದ್ದು. ಒಂದು ದಿನ ಮಿಣುಕಿ ಆರಿಹೋಯಿತು. ಅಪ್ಪ ಬಿಚ್ಚಿ ತಿಪ್ಪೆಯ ಮೇಲೆ ಇಟ್ಟ, ಕಸದ ಗಾಡಿ ಒಯ್ದಿತು. ಎಲ್ಲಿಗೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಆ ವರ್ಷ ಯಾವ ಮನೆಯಲ್ಲೂ ಯಾರೂ ಕೇಳಿರಲಿಲ್ಲ.

ಲಾರಿ ಒಳಗೆ ಹೋಯಿತು. ಬಸ್ಸು ಹೊರಟಿತು. ಮಗಳಿಗೆ ತವರು ತೀರಿಸಬೇಕಿದ್ದ ಬಾಣಂತನದ ಸಾಲ ಹಾಗೇ ಉಳಿಯಿತು.